ಕೂಲಿಮಠದಿಂದ ಹಳದಿ ವ್ಯಾನಿಗೆ

ದುಡ್ಡು ಕೊಟ್ಟು ಓದಿಸುವುದು ನಮ್ಮೂರಿಗೆ ಹೊಸದಲ್ಲ. ಮುತ್ತಜ್ಜ ಕಲಿತದ್ದು ಕೂಲಿಮಠದಲ್ಲಿ, ಜಗಲಿಯ ಮೇಲೆ ಮರಳು ಹರವಿ, ಬೆರಳಲ್ಲಿ ತಿದ್ದಿ. ಅಯ್ಯನೋರಿಗೆ ರಾಗಿ, ಬೆಲ್ಲ, ಹಬ್ಬಕ್ಕೊಂದು ಪಂಚೆ. ಸರ್ಕಾರಿ ಸ್ಕೂಲು ಬಂದಮೇಲೆ ಮಠ ಮುಚ್ಚಿತು. ಗೌಡರ ಮಗನೂ ಆಳಿನ ಮಗನೂ ಒಂದೇ ಕಡೆ ಕೂತರು ಅಂತ ಅಪ್ಪ ಹೇಳುತ್ತಿದ್ದ. ಪೂರ್ತಿ ನಿಜವಲ್ಲ, ಕೆಲವರು ಬಾಗಿಲ ಹೊರಗೇ ಉಳಿದಿದ್ದರು.

1994ರಲ್ಲಿ ಸರ್ಕಾರ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಇಲ್ಲವೇ ಕನ್ನಡವೇ ಮಾಧ್ಯಮ ಎಂದಿತು. ಎಷ್ಟೋ ಖಾಸಗಿ ಶಾಲೆಗಳು ಕನ್ನಡಕ್ಕೆಂದು ಅನುಮತಿ ಪಡೆದು ಇಂಗ್ಲಿಷಿನಲ್ಲಿ ಪಾಠ ಮಾಡಿದವು. 2014ರಲ್ಲಿ ಸುಪ್ರೀಂ ಕೋರ್ಟು, ಆಯ್ಕೆ ಹೆತ್ತವರದು ಎಂದಿತು.

“ಸರ್ಕಾರಿ ಸ್ಕೂಲಲ್ಲಿ ಐದು ಕ್ಲಾಸಿಗೆ ಇಬ್ಬರೇ ಮೇಷ್ಟ್ರು, ನೀವೇ ಹೇಳಿ ಮಾವ,” ಎಂದಳು ಸೊಸೆ, ಮಗಳಿಗೆ ಟೈ ಕಟ್ಟುತ್ತಾ. 2019ರಲ್ಲಿ ಸರ್ಕಾರವೇ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. ಅಷ್ಟರಲ್ಲಿ ಹಳದಿ ವ್ಯಾನಿನ ಖಾಸಗಿ ಶಾಲೆಗೆ ಮೊಮ್ಮಗಳ ಫೀಸು ಕಟ್ಟಿಯಾಗಿತ್ತು.