ನಾವಧ್ಯಕ್ಷನೂ ನದಿಯ ಕಾವಲೂ

ಘಟಪ್ರಭೆಯು ಬಾಗಲಕೋಟೆಯ ಸಮೀಪದ ಚಿಕ್ಕಸಂಗಮದಲ್ಲಿಯೂ ಮಲಪ್ರಭೆಯು ಹುನಗುಂದ ಸೀಮೆಯ ಕೂಡಲಸಂಗಮದಲ್ಲಿಯೂ ಕೃಷ್ಣೆಯನ್ನು ಸೇರುವುವು. 2016ರ ರಾಷ್ಟ್ರೀಯ ಜಲಮಾರ್ಗಗಳ ಕಾಯಿದೆಯು ಎಣಿಸಿದ 111 ಮಾರ್ಗಗಳಲ್ಲಿ ಈ ಎರಡು ಉಪನದಿಗಳೂ ಇವೆ. ಅದೇ ವರ್ಷ ಗಂಗೆಯ ಹಲ್ದಿಯಾ-ಫರಕ್ಕಾ ಭಾಗದಲ್ಲಿ ರೇಡಾರ್ ಯಂತ್ರದಿಂದ ನಾವೆಗಳ ಸಂಚಾರವನ್ನು ನೋಡಿಕೊಳ್ಳುವ ಏರ್ಪಾಡು ಆರಂಭವಾಯಿತು. ಕಾಯಿದೆಯಲ್ಲಿ ಹೆಸರು ಬಂದಮಾತ್ರಕ್ಕೆ ನದಿಯು ನೌಕಾಪಥವಾಗದು, ಅದಿರಲಿ. ನದಿಯ ಮೇಲೆ ಕಣ್ಣಿಡುವ ರಾಜಕಾರ್ಯವು ಎಷ್ಟು ಹಳೆಯದೆಂಬುದು ಇಲ್ಲಿ ವಿಚಾರಣೀಯವು.

1909ರಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ನಾವಧ್ಯಕ್ಷನ ಪ್ರಕರಣವುಂಟು. ಅಕಾಲದಲ್ಲಿ ಅಥವಾ ಕಡವಲ್ಲದ ಕಡೆಯಲ್ಲಿ ನದಿಯನ್ನು ದಾಟಿದವನಿಗೆ ಪೂರ್ವಸಾಹಸದಂಡ. ಸಕಾಲದಲ್ಲಿ ಕಡವಿನಲ್ಲಿಯೇ ದಾಟಿದರೂ ಅಪ್ಪಣೆಯಿಲ್ಲದಿದ್ದರೆ 26¾ ಪಣ. ಬಾಲವೃದ್ಧರೂ ರೋಗಿಗಳೂ ಗರ್ಭಿಣಿಯರೂ ಅಧ್ಯಕ್ಷನ ಮುದ್ರೆಯಿಂದ ಸುಂಕವಿಲ್ಲದೆ ದಾಟಬಹುದು. ಇವೆಲ್ಲಕ್ಕಿಂತ ಗಮನಾರ್ಹವಾದ ವಿಧಿಯು ಬೇರೊಂದು: ಆಳುಗಳೂ ಉಪಕರಣಗಳೂ ಸಾಲದೆಯೋ ದುರಸ್ತಿಯಿಲ್ಲದೆಯೋ ನಾವೆಯು ಕೆಟ್ಟರೆ, ನಷ್ಟವನ್ನು ನಾವಧ್ಯಕ್ಷನೇ ತುಂಬಿಕೊಡತಕ್ಕದ್ದು. ದಂಡವನ್ನು ಪ್ರಜೆಗೆ ಮಾತ್ರ ವಿಧಿಸದೆ ಹೊಣೆಯನ್ನು ಅಧಿಕಾರಿಯ ಮೇಲೆಯೂ ಹೊರಿಸಿದ ಈ ಮಾತು, ನನ್ನ ಎಣಿಕೆಯಲ್ಲಿ, ಆ ಪ್ರಕರಣದ ಜೀವವು.

‘ಅಧ್ಯಕ್ಷ’ಶಬ್ದಕ್ಕೆ ಅಧಿಕಾರಿಯೆಂಬ ಅರ್ಥದೊಡನೆ ಪ್ರತ್ಯಕ್ಷವೆಂಬ ಅರ್ಥವನ್ನೂ ಕೋಶಕಾರರು ಹೇಳುವರು. ಕಣ್ಣಾರೆ ಕಂಡು ನಡೆಯಿಸುವವನೇ ಅಧ್ಯಕ್ಷನು. ರೇಡಾರಾದರೋ ಕಣ್ಣಿಲ್ಲದ ಅಧ್ಯಕ್ಷ. ಅದು ಕಳುಹಿಸಿದ ರೇಡಿಯೋ ತರಂಗವು ನಾವೆಗೆ ತಾಗಿ ಮರಳುವುದು; ಮರಳಿದ ಕಾಲದಿಂದ ದೂರವೂ, ಬಂದ ದಿಕ್ಕಿನಿಂದ ನೆಲೆಯೂ ತಿಳಿಯುವುವು. ಕತ್ತಲೆಯಾಗಲಿ ಮಂಜಾಗಲಿ ಅದನ್ನು ತಡೆಯವು. ಆದರೆ ಲೋಹದ ಹಡಗಿನಂತೆ ಬಿದಿರು ತೊಗಲುಗಳ ಹರಿಗೋಲು ಆ ತರಂಗವನ್ನು ಚೆನ್ನಾಗಿ ಮರಳಿಸದು. ನಾವೆಯ ಬಿರುಕಂತೂ ಅದಕ್ಕೆ ಕಾಣದು. ಕೌಟಿಲ್ಯನು ಅಧ್ಯಕ್ಷನ ಹೊಣೆಯನ್ನಿಟ್ಟುದು ಆ ಬಿರುಕಿನಲ್ಲಿಯೇ.

ನಮ್ಮ ಸೀಮೆಯ ಲಿಖಿತಸಾಕ್ಷ್ಯವು ಈ ವಿಷಯದಲ್ಲಿ ಬಹಳ ಕೃಪಣವು. ಐಹೊಳೆಯ ಮೇಗುತಿಯಲ್ಲಿ ರವಿಕೀರ್ತಿಯು ಶಕ 556ರಲ್ಲಿ (ಕ್ರಿ. ಶ. 634) ಬರೆಯಿಸಿದ ಪ್ರಶಸ್ತಿಯು, ಬಾದಾಮಿಯ ಪುಲಕೇಶಿಯು ಪಶ್ಚಿಮಸಮುದ್ರದ ಪುರಿಯನ್ನು ನೂರಾರು ನಾವೆಗಳಿಂದ ಮುತ್ತಿದುದನ್ನೂ ಕಾವೇರಿಗೆ ಆನೆಗಳನ್ನೇ ಸೇತುವಾಗಿಸಿದುದನ್ನೂ ವರ್ಣಿಸುವುದು; ಊರ ಮಗ್ಗುಲಲ್ಲಿಯೇ ಹರಿಯುವ ಮಲಪ್ರಭೆಯ ಅಂಬಿಗನಿಗೆ ಅಲ್ಲಿ ಎಡೆಯಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯನು ತನ್ನ ಕಾಯಕವನ್ನೇ ಹೆಸರಿನೊಡನೆ ಧರಿಸಿ ವಚನಕಾರರ ಪಂಕ್ತಿಯಲ್ಲಿ ನಿಂತನು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ತುಗೀಸ ಪಾಯೆಸನು, ಹದಿನೈದಿಪ್ಪತ್ತು ಜನರನ್ನೂ ಬೇಕಾದರೆ ಕುದುರೆ ಎತ್ತುಗಳನ್ನೂ ಒಯ್ಯುವ, ಬುಟ್ಟಿಯಂತೆ ದುಂಡಾದ ತೊಗಲದೋಣಿಗಳನ್ನು ಬಣ್ಣಿಸಿರುವನು. ಅದು ತುಂಗಭದ್ರೆಯ ಮಾತು.

ಬಾಗಲಕೋಟೆ ಸೀಮೆಯು ಮುಂಬಯಿ ಇಲಾಖೆಯಲ್ಲಿದ್ದಾಗ ಸಾರ್ವಜನಿಕ ಕಡವುಗಳು 1868ರ ಕಾಯಿದೆಗೆ ಒಳಪಟ್ಟವು. ಬಾದಾಮಿ, ಹುನಗುಂದ, ಇಳಕಲ್ಲುಗಳ ಹಳೆಯ ಮನೆತನಗಳಲ್ಲಿ ಕಡವಿನ ಗುತ್ತಿಗೆಯ ಕಾಗದಗಳು ಉಳಿದಿದ್ದರೆ, ದೋಣಿ ಮುಳುಗಿದಾಗ ನಷ್ಟವನ್ನು ಯಾರು ತುಂಬಬೇಕೆಂದು ಅವುಗಳಲ್ಲಿ ಬರೆದಿರುವುದನ್ನು ಮೊದಲು ನೋಡತಕ್ಕದ್ದು.