ಮತಕ್ಕೆ ರಕ್ಷೆ, ರಾಜೀನಾಮೆಗೆ ಆಸರೆ: ಶಾಸನಸಭೆಗಳಲ್ಲಿ ಲಂಚದ ವಿಚಾರಣೆ ಕುರಿತು ಒಂದು ಟಿಪ್ಪಣಿ

1951ರ ಜೂನ್‌ನಲ್ಲಿ ಜವಾಹರಲಾಲ್ ನೆಹರು ತಮ್ಮದೇ ಪಕ್ಷದ ಸದಸ್ಯರೊಬ್ಬರ ನಡತೆಯನ್ನು ವಿಚಾರಿಸಲು ಸಮಿತಿ ನೇಮಿಸಬೇಕೆಂದು ಸಂಸತ್ತಿನಲ್ಲಿ ಗೊತ್ತುವಳಿ ಮಂಡಿಸಿದರು. ಮೊದಲ ಮಹಾಚುನಾವಣೆ ಇನ್ನೂ ನಡೆದಿರಲಿಲ್ಲ, ಇದ್ದದ್ದು ತಾತ್ಕಾಲಿಕ ಸಂಸತ್ತು. ಆ ಸದಸ್ಯರು ಹುಚ್ಚೇಶ್ವರ ಗುರುಸಿದ್ಧ ಮುದ್ಗಲ್. ಬಾಂಬೆ ಬುಲಿಯನ್ ಅಸೋಸಿಯೇಷನ್ ಎಂಬ ಚಿನ್ನ ಬೆಳ್ಳಿ ವರ್ತಕರ ಸಂಘದ ಪರವಾಗಿ ಸದನದ ಒಳಗೂ ಹೊರಗೂ ಪ್ರಚಾರ ಮಾಡಿ, ಅದಕ್ಕೆ ಪ್ರತಿಫಲ ಪಡೆದರೆಂಬುದು ಅವರ ಮೇಲಿದ್ದ ಆರೋಪ. ಟಿ.ಟಿ. ಕೃಷ್ಣಮಾಚಾರಿ ಅಧ್ಯಕ್ಷತೆಯ ಸಮಿತಿ ಸಾಕ್ಷ್ಯಗಳನ್ನು ಪರಿಶೀಲಿಸಿ, ಈ ನಡತೆ ಸದನದ ಘನತೆಗೆ ಕುಂದು ತರುವಂಥದ್ದು ಎಂದು ವರದಿ ಕೊಟ್ಟಿತು. ಸೆಪ್ಟೆಂಬರ್ 24ರಂದು ಉಚ್ಚಾಟನೆಯ ಗೊತ್ತುವಳಿ ಚರ್ಚೆಗೆ ಬಂತು.

ಆಮೇಲೆ ನಡೆದದ್ದನ್ನು ನಮ್ಮ ಸಂಸದೀಯ ಇತಿಹಾಸದ ಬರಹಗಳು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಗೊತ್ತುವಳಿ ಅಂಗೀಕಾರವಾಗುವ ಮೊದಲೇ ಮುದ್ಗಲ್ ರಾಜೀನಾಮೆ ಕೊಟ್ಟರು. ಹೋದವರನ್ನು ಹೊರಹಾಕುವುದೇನು ಎಂದು ಸದನ ಅಲ್ಲಿಗೇ ಕೈಬಿಡಬಹುದಿತ್ತು. ಚುನಾವಣೆ ಹೊಸ್ತಿಲಲ್ಲಿತ್ತು, ಆ ಸಂಸತ್ತಿನ ಆಯುಷ್ಯವೂ ಮುಗಿಯುತ್ತ ಬಂದಿತ್ತು. ಆದರೂ ಸದನ ಗೊತ್ತುವಳಿಯನ್ನು ತಿದ್ದಿ ಅಂಗೀಕರಿಸಿತು: ಈ ಸದಸ್ಯರು ಉಚ್ಚಾಟನೆಗೆ ಅರ್ಹರಾಗಿದ್ದರು, ಅವರ ರಾಜೀನಾಮೆ ಪತ್ರದ ಒಕ್ಕಣೆ ಸದನಕ್ಕೆ ಮಾಡಿದ ಅವಮಾನ, ಅದರಿಂದ ತಪ್ಪು ಇನ್ನಷ್ಟು ಹೆಚ್ಚಿತು. ರಾಜೀನಾಮೆಯಿಂದ ಅದಕ್ಕೆ ಮೊದಲಿನ ನಡತೆ ಅಳಿಸಿಹೋಗುವುದಿಲ್ಲ ಎಂಬ ನಿಲುವು ಇಲ್ಲಿ ದಾಖಲಾಯಿತು. ಉಚ್ಚಾಟನೆಗಿಂತ ಈ ನಿಲುವೇ ದೊಡ್ಡದೆಂದು ನನ್ನ ಎಣಿಕೆ.

ಮುದ್ಗಲ್ ಪ್ರಕರಣದಲ್ಲಿ ಸರ್ಕಾರದ ಉಳಿವಿನ ಪ್ರಶ್ನೆ ಇರಲಿಲ್ಲ. ಕಾಂಗ್ರೆಸ್ಸಿನ ಬಹುಮತ ಪ್ರಶ್ನಾತೀತವಾಗಿತ್ತು. 2005ರಲ್ಲಿಯೂ ಸರ್ಕಾರದ ಉಳಿವು ಪಣದಲ್ಲಿರಲಿಲ್ಲ. ಪ್ರಶ್ನೆ ಕೇಳಲು ಸಂಸದರು ಹಣ ಪಡೆಯುತ್ತಿರುವ ದೃಶ್ಯಗಳನ್ನು ಡಿಸೆಂಬರ್ 12ರಂದು ಕೋಬ್ರಾಪೋಸ್ಟ್ ಮತ್ತು ಆಜ್ ತಕ್ ಪ್ರಸಾರ ಮಾಡಿದವು. ಡಿಸೆಂಬರ್ 23ರ ಹೊತ್ತಿಗೆ ಲೋಕಸಭೆಯ 10 ಮತ್ತು ರಾಜ್ಯಸಭೆಯ ಒಬ್ಬ ಸದಸ್ಯರು ಹೊರಹೋಗಿದ್ದರು. ಅವರು ಬೇರೆ ಬೇರೆ ಪಕ್ಷಗಳವರು. ಕೈಬದಲಾದ ಮೊತ್ತ ಸಾವಿರಗಳ ಲೆಕ್ಕದ್ದು, ಹೆಚ್ಚೆಂದರೆ ಲಕ್ಷದ ಆಸುಪಾಸು. 2007ರ ಜನವರಿಯಲ್ಲಿ ರಾಜಾರಾಮ್ ಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಹುಮತದಿಂದ ಉಚ್ಚಾಟನೆಯನ್ನು ಎತ್ತಿಹಿಡಿಯಿತು. ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಮಾತ್ರ ಭಿನ್ನಮತದ ತೀರ್ಪು ಬರೆದರು. ಸದಸ್ಯತ್ವ ಯಾವಾಗ ಹೋಗುತ್ತದೆಂದು ಸಂವಿಧಾನವೇ ಹೇಳಿರುವಾಗ ಉಚ್ಚಾಟನೆಯ ಅಧಿಕಾರ ಸದನಕ್ಕೆ ಇಲ್ಲವೆಂಬುದು ಅವರ ವಾದ. ಆ ವಾದ ಗೆಲ್ಲಲಿಲ್ಲ. ಆದರೆ ಬಹುಮತವಿರುವ ಪಕ್ಷದ ಕೈಯಲ್ಲಿ ಅಂಥ ಅಧಿಕಾರ ಏನಾದೀತು ಎಂದು ಯೋಚಿಸುವವರು ಅದನ್ನು ಓದಲೇಬೇಕು.

1993ರ ಕಥೆ ಬೇರೆ. ಜುಲೈ 28ರಂದು ಪಿ.ವಿ. ನರಸಿಂಹ ರಾವ್ ಸರ್ಕಾರದ ವಿರುದ್ಧದ ಅವಿಶ್ವಾಸ ನಿರ್ಣಯದ ಪರ 251, ವಿರುದ್ಧ 265 ಮತಗಳು ಬಿದ್ದವು. ಸರ್ಕಾರ 14 ಮತಗಳಿಂದ ಉಳಿಯಿತು. ಜಾರ್ಖಂಡ್ ಮುಕ್ತಿ ಮೋರ್ಚಾದ ನಾಲ್ವರು ಹಾಗೂ ಇನ್ನು ಕೆಲವರು ಹಣ ಪಡೆದು ನಿರ್ಣಯದ ವಿರುದ್ಧ ಮತ ಹಾಕಿದರೆಂಬುದು ಸಿಬಿಐ ಆರೋಪ. ದೆಹಲಿಯ ಬ್ಯಾಂಕೊಂದರಲ್ಲಿ ಇಟ್ಟ ಹಣದ ದಾಖಲೆಗಳೂ ಇದ್ದವು. ಸಂಸದ ಅಜಿತ್ ಸಿಂಗ್ ಕೂಡ ಹಣ ಪಡೆದರೆಂಬ ಆರೋಪವಿತ್ತು, ಆದರೆ ಅವರು ಮತ ಹಾಕಿರಲಿಲ್ಲ. ಹಣ ಕೊಟ್ಟವರೆಂದು ಹೆಸರಿಸಲಾದವರಲ್ಲಿ ಕರ್ನಾಟಕದ ಕೆಲವು ನಾಯಕರೂ ಇದ್ದರು, ವಿಶೇಷ ನ್ಯಾಯಾಲಯ ಮುಂದೆ ಅವರನ್ನು ಖುಲಾಸೆ ಮಾಡಿತು.

ಸಂವಿಧಾನದ 105(2)ನೇ ವಿಧಿ ಸಂಸದರು ಸದನದಲ್ಲಿ ಆಡಿದ ಮಾತಿಗೆ, ಹಾಕಿದ ಮತಕ್ಕೆ ಕೋರ್ಟಿನ ವಿಚಾರಣೆಯಿಂದ ರಕ್ಷೆ ಕೊಡುತ್ತದೆ. ಶಾಸಕರಿಗೆ 194(2) ಅದೇ ರಕ್ಷೆ ಕೊಡುತ್ತದೆ. 1998ರ ಏಪ್ರಿಲ್ 17ರಂದು ಈ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 3–2ರ ಬಹುಮತದಿಂದ ಆ ರಕ್ಷೆಯನ್ನು ಮತದ ಹಿಂದಿನ ಲಂಚಕ್ಕೂ ಹಿಗ್ಗಿಸಿತು. ಎಸ್.ಪಿ. ಭರೂಚಾ ಬರೆದ ಆ ತೀರ್ಪಿಗೆ ಬೆಂಗಳೂರಿನ ಎಸ್. ರಾಜೇಂದ್ರ ಬಾಬು ದನಿಗೂಡಿಸಿದ್ದರು, ಜಿ.ಎನ್. ರೇ ಈ ಅಂಶದಲ್ಲಿ ಒಪ್ಪಿದರು. ಎಸ್.ಸಿ. ಅಗರವಾಲ್ ಮತ್ತು ಎ.ಎಸ್. ಆನಂದ್ ಭಿನ್ನಮತ ಬರೆದರು. ಬಹುಮತದ ಕಳಕಳಿಯನ್ನು ಹಗುರವಾಗಿ ನೋಡಬಾರದು. ಅಪರಾಧ ಘೋರವಾದದ್ದೆಂದು ಅವರೂ ಒಪ್ಪಿದ್ದರು. ನಮ್ಮ ಸಿಟ್ಟಿಗೆ ಸಂವಿಧಾನದ ರಕ್ಷೆಯನ್ನು ಕುಗ್ಗಿಸಿದರೆ, ನಾಳೆ ನಿಷ್ಠುರವಾಗಿ ಮಾತಾಡುವ ಸದಸ್ಯನನ್ನು ಸರ್ಕಾರ ಮೊಕದ್ದಮೆಗಳಲ್ಲಿ ಸಿಕ್ಕಿಸೀತು ಎಂಬುದು ಅವರ ಭಯವಾಗಿತ್ತು.

ಆದರೆ ಆ ತೀರ್ಪಿನ ಫಲ ಏನಾಯಿತು? ಹಣ ಪಡೆದು ಹೇಳಿದಂತೆ ಮತ ಹಾಕಿದವರಿಗೆ ರಕ್ಷೆ. ಹಣ ಪಡೆದರೆನ್ನಲಾದ, ಮತವನ್ನೇ ಹಾಕದ ಅಜಿತ್ ಸಿಂಗ್‌ಗೆ ರಕ್ಷೆಯಿಲ್ಲ. ಕೊಟ್ಟವರಿಗೂ ಇಲ್ಲ. ಲಂಚದ ಒಪ್ಪಂದವನ್ನು ಪಾಲಿಸಿದವನು ಪಾರಾಗಿ, ಪಾಲಿಸದವನು ಕಟಕಟೆ ಹತ್ತುವಂತಾಯಿತು. ಕೊಟ್ಟವರ ಮೇಲಿನ ಮೊಕದ್ದಮೆಯೂ ದಡ ಸೇರಲಿಲ್ಲ. 2000ದಲ್ಲಿ ವಿಶೇಷ ನ್ಯಾಯಾಲಯ ನರಸಿಂಹ ರಾವ್ ಮತ್ತು ಅವರ ಪಕ್ಷದ ಬೂಟಾ ಸಿಂಗ್ ಅವರಿಗೆ ಶಿಕ್ಷೆ ವಿಧಿಸಿತು. 2002ರಲ್ಲಿ ದೆಹಲಿ ಹೈಕೋರ್ಟ್ ಇಬ್ಬರನ್ನೂ ಖುಲಾಸೆ ಮಾಡಿತು. ಮೋರ್ಚಾದ ನಾಲ್ವರಲ್ಲೊಬ್ಬರಾಗಿದ್ದು ಮಾಫಿ ಸಾಕ್ಷಿಯಾದ ಶೈಲೇಂದ್ರ ಮಹತೋ ಹೇಳಿಕೆಯನ್ನು ನಂಬಲಾಗದೆಂಬುದು ಅದಕ್ಕೆ ಮುಖ್ಯ ಕಾರಣ.

1951 ಮತ್ತು 2005ರಲ್ಲಿ ಸಾಕ್ಷ್ಯ ಗಟ್ಟಿಯಿತ್ತು, 1993ರಲ್ಲಿ ಇರಲಿಲ್ಲ, ವ್ಯತ್ಯಾಸ ಅಷ್ಟೇ ಎಂದು ಹೇಳುವವರಿದ್ದಾರೆ. ಇದರಲ್ಲಿ ಸ್ವಲ್ಪ ಸತ್ಯವಿದೆ, ಆದರೆ ಪೂರ್ತಿ ಉತ್ತರ ಇದಲ್ಲ. 2008ರ ಜುಲೈ 22ರ ವಿಶ್ವಾಸಮತದ ದಿನ ಬಿಜೆಪಿಯ ಮೂವರು ಸಂಸದರು ಲೋಕಸಭೆಯಲ್ಲೇ ನೋಟಿನ ಕಂತೆಗಳನ್ನು ಎತ್ತಿ ತೋರಿಸಿ, ಇದು ನಮಗೆ ಕೊಟ್ಟ ಲಂಚ ಎಂದರು. ದೇಶವೇ ಟಿವಿಯಲ್ಲಿ ನೋಡಿತು. ಆ ಹಣ ಯಾರದ್ದು, ಯಾರಿಗಾಗಿ ಬಂತು ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. ನನಗೆ ಕಾಣುವುದು ಇಷ್ಟು: ಸರ್ಕಾರದ ಉಳಿವು ಪಣಕ್ಕಿಲ್ಲದಾಗ ಸದನ ತನ್ನವರನ್ನು ಶಿಕ್ಷಿಸಿದೆ. ಉಳಿವೇ ಪಣವಾಗಿದ್ದಾಗ ಸದನದಲ್ಲಾಗಲಿ ಕೋರ್ಟಿನಲ್ಲಾಗಲಿ ಶಿಕ್ಷೆ ಕೊನೆಯವರೆಗೆ ನಿಂತಿಲ್ಲ.

1998ರ ತೀರ್ಪನ್ನು ಮರುಪರಿಶೀಲನೆಗೆ ತಂದದ್ದು 1993ರ ಆರೋಪ ಎದುರಿಸಿದ ಮೋರ್ಚಾ ನಾಲ್ವರಲ್ಲೊಬ್ಬರಾದ ಶಿಬು ಸೊರೇನ್ ಅವರ ಸೊಸೆ, ಆಗ ಶಾಸಕಿಯಾಗಿದ್ದ ಸೀತಾ ಸೊರೇನ್ ಅವರ ಪ್ರಕರಣ. 2012ರ ರಾಜ್ಯಸಭಾ ಚುನಾವಣೆಯಲ್ಲಿ ಪಕ್ಷೇತರ ಅಭ್ಯರ್ಥಿಯಿಂದ ಹಣ ಪಡೆದರೆಂಬ ಆರೋಪ ಎದುರಿಸುತ್ತಿದ್ದ ಅವರು ಮಾವನ ಕಾಲದ ತೀರ್ಪಿನ ರಕ್ಷೆಯನ್ನೇ ಕೋರಿದರು. ಅವರು ಮತ ಹಾಕಿದ್ದು ತಮ್ಮ ಪಕ್ಷದ ಅಭ್ಯರ್ಥಿಗೆ. ಒಪ್ಪಂದದಂತೆ ಮತ ಹಾಕದವರಿಗೆ ರಕ್ಷೆ ಸಿಗದೆಂದು ಜಾರ್ಖಂಡ್ ಹೈಕೋರ್ಟ್ 2014ರಲ್ಲಿ ಹೇಳಿತು. 1998ರ ತರ್ಕವನ್ನು ಹಿಡಿದು ಹೊರಟರೆ ತಲುಪುವುದು ಇಲ್ಲಿಗೇ. 2024ರ ಮಾರ್ಚ್ 4ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹಳೆಯ ತೀರ್ಪನ್ನು ತಳ್ಳಿಹಾಕಿತು. ಲಂಚ ಪಡೆದ ಕ್ಷಣದಲ್ಲೇ ಅಪರಾಧ ಪೂರ್ಣ, ಆಮೇಲೆ ಮತ ಹಾಕಿದರೂ ಹಾಕದಿದ್ದರೂ ಅದು ಬದಲಾಗದು ಎಂದಿತು. ಅಗರವಾಲ್ ಮತ್ತು ಆನಂದ್ ಕಾಲು ಶತಮಾನದ ಹಿಂದೆ ಬರೆದಿದ್ದ ಭಿನ್ನಮತ ಹೀಗೆ ಕಾನೂನಾಯಿತು.

ಕರ್ನಾಟಕದ ಓದುಗರಿಗೆ ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ನಮ್ಮಲ್ಲಿ ಸರ್ಕಾರಗಳ ಸಂಖ್ಯಾಬಲವನ್ನು ಬದಲಿಸಿದ್ದು ಮತಕ್ಕಿಂತ ಹೆಚ್ಚಾಗಿ ರಾಜೀನಾಮೆ. 2008ರಲ್ಲಿ 224ರ ವಿಧಾನಸಭೆಯಲ್ಲಿ 110 ಸ್ಥಾನ ಪಡೆದಿದ್ದ ಬಿಜೆಪಿ, ವಿರೋಧ ಪಕ್ಷಗಳ ಶಾಸಕರು ರಾಜೀನಾಮೆ ಕೊಟ್ಟು ತನ್ನ ಟಿಕೆಟ್ ಮೇಲೆ ಮತ್ತೆ ಗೆದ್ದು ಬರುವ ದಾರಿಯಿಂದ ಸ್ವಂತ ಬಲದ ಬಹುಮತ ಗಳಿಸಿತು. ಜನ ಇದನ್ನು ಆಪರೇಷನ್ ಕಮಲ ಎಂದರು. 2019ರ ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿ ಸರ್ಕಾರ 99–105ರಲ್ಲಿ ಬಿದ್ದದ್ದೂ ಶಾಸಕರ ಗೈರಿನಿಂದ, ಅವರಲ್ಲಿ ಹೆಚ್ಚಿನವರು ರಾಜೀನಾಮೆ ಸಲ್ಲಿಸಿದ್ದವರು. ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ 17 ಶಾಸಕರನ್ನು ಅನರ್ಹಗೊಳಿಸಿದರು.

ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯುತ್ತ, ರಾಜೀನಾಮೆಗೆ ಮೊದಲೇ ನಡೆದ ಪಕ್ಷಾಂತರ ರಾಜೀನಾಮೆಯಿಂದ ಅಳಿಯದು ಎಂದಿತು. 1951ರ ಸದನದ ನಿಲುವಿಗೂ ಇದಕ್ಕೂ ಹತ್ತಿರದ ನಂಟಿದೆ. ಆದರೆ ಅದೇ ತೀರ್ಪು, ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸುವಂತಿಲ್ಲ ಎಂಬ ಸ್ಪೀಕರ್ ಆದೇಶದ ಭಾಗವನ್ನು ರದ್ದುಪಡಿಸಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ 15 ಕ್ಷೇತ್ರಗಳ ಪೈಕಿ 12ರಲ್ಲಿ ಬಿಜೆಪಿ ಗೆದ್ದಿತು. ಗೆದ್ದವರಲ್ಲಿ ಬಹುಪಾಲು ಅನರ್ಹಗೊಂಡಿದ್ದವರೇ, ಕೆಲವರು ಮಂತ್ರಿಗಳೂ ಆದರು. ಹಣದ ಮಾತು ಸಾರ್ವಜನಿಕ ಚರ್ಚೆಯಲ್ಲಿ ಧಾರಾಳವಾಗಿತ್ತು. ಆದರೆ ಪಕ್ಷಾಂತರ ತಡೆಯುವ ಸಂವಿಧಾನದ ಹತ್ತನೇ ಅನುಸೂಚಿಯ ವಿಚಾರಣೆ ಕೇಳುವುದು ಸದಸ್ಯ ಪಕ್ಷ ಬಿಟ್ಟನೇ ಎಂದಷ್ಟೇ. ಏಕೆ ಬಿಟ್ಟ, ಯಾರಿಂದ ಏನು ಪಡೆದ ಎಂದು ಅದು ಕೇಳುವುದಿಲ್ಲ. ಆ ಪ್ರಶ್ನೆಯನ್ನು ಭ್ರಷ್ಟಾಚಾರ ತಡೆ ಕಾಯ್ದೆಯಡಿ ಕೇಳಬೇಕು, ಮತ್ತು ಅದಕ್ಕೆ ತನಿಖೆ ನಡೆಸಬೇಕಾದ ಪೊಲೀಸರು ಅಂಥ ರಾಜೀನಾಮೆಗಳಿಂದ ಅಧಿಕಾರಕ್ಕೆ ಬಂದ ಸರ್ಕಾರದ ಕೈಕೆಳಗೇ ಇರುತ್ತಾರೆ.