ಅವ್ವನ ಮಷೀನಿಗೆ ಎಷ್ಟು ಕೆಜಿ?

ಹೋದ ಶ್ರಾವಣದಾಗ ಗದಗಕ್ಕ ಹೋದಾಗ ನೋಡಿದೆ, ಅವ್ವ ಬಚ್ಚಲದಾಗ ಕುಂತು ಬೆಡ್‌ಶೀಟ್ ಒಗ್ಯಾಕತ್ತಿದ್ದಳು. ಪಕ್ಕದಾಗ ವಾಷಿಂಗ್ ಮಷೀನ್ ಎರಡು ಸೀರಿ ಹಾಕ್ಕೊಂಡು ಗರಗರ ತಿರಗತಿತ್ತು.

"ಅವ್ವಾ, ಮಷೀನ್ ಇದ್ದೂ ನೀ ಯಾಕ ಕೈಲೆ ಒಗೀತಿ?" ಅಂದೆ.

"ಅಂಗಡಿಯಾಂವ ಮೂರೋ ನಾಕೋ ಕೆಜಿ ಅಂದಿದ್ದನವಾ. ನೆನಸಿದ ಎರಡು ಸೀರೀನೇ ಅಷ್ಟ ಆಗತಾವ. ಹೆಚ್ಚು ಹಾಕಿದ್ರ ಸುಟ್ಟು ಹೋಗತೈತಿ" ಅಂದಳು.

ಆ ಮಷೀನ್ ಅಪ್ಪ 1996ರಾಗ ತಂದದ್ದು. ಅಪ್ಪ ಹೋಗಿ ಆರು ವರ್ಷ ಆತು. ಹೊಸಾದು ತರೂಣು ಅಂದ್ರ ಅವ್ವ ಒಲ್ಲೆ ಅಂತಾಳ. ಅದನ್ನ ಉಳಸಾಕ ಹೋಗಿ ಇಷ್ಟು ವರ್ಷ ತನ್ನ ಕೈ ಸವಸಿಕೊಂಡಾಳ. ಹಿಂದಿನ ಚೀಟಿ ಪೂರಾ ಅಳಿಸಿತ್ತು, ಕಾಗದಪತ್ರನೂ ಇರಲಿಲ್ಲ.

ಈ ಎರಡು ಡಬ್ಬಿ ಮಷೀನಿನ ತವರು ದೂರ ಐತಿ. 1948ರಲ್ಲಿ ಬ್ರಿಟನ್ನಿನ ವೇಲ್ಸ್ ಸೀಮೆಯ ಮರ್ಥರ್ ಟಿಡ್‌ಫಿಲ್ ಊರಿನಲ್ಲಿ ಹೂವರ್ ಕಂಪನಿ ಸಣ್ಣ ಮಷೀನ್ ಮಾಡಲು ಶುರು ಮಾಡಿತು. ಡಬ್ಬಿಯ ಗೋಡೆಗೆ ಒಂದು ಚಕ್ರ; ಅದು ತಿರುಗಿ ನೀರಿನಲ್ಲಿ ಸುಳಿ ಎಬ್ಬಿಸಿ ಬಟ್ಟೆ ತಿರುವುತ್ತಿತ್ತು. ಹಿಂಡಲು ಕೈಲೆ ತಿರುಗಿಸುವ ಎರಡು ರೋಲರ್. ಅದೇ ಮಾದರಿ ನೋಡಿ ಜಪಾನಿನ ಸಾನ್ಯೊ ಕಂಪನಿ 1953ರಲ್ಲಿ ತನ್ನ ಮಷೀನ್ ತಂದಿತು. ಆ ಕಾಲದಲ್ಲಿ ಟೀವಿ, ಫ್ರಿಜ್, ವಾಷಿಂಗ್ ಮಷೀನ್ ಮೂರನ್ನೂ ಸೇರಿಸಿ ಜಪಾನಿನ ಮಂದಿ 'ಮೂರು ಪವಿತ್ರ ನಿಧಿ' ಅಂತಿದ್ದರು. ಅದು ಅಲ್ಲಿನ ಚಕ್ರವರ್ತಿಯ ಕನ್ನಡಿ, ಕತ್ತಿ, ಮಣಿಗೆ ಇದ್ದ ಹೆಸರು! ಜಪಾನಿನಲ್ಲಿ ರೋಲರ್ ಹೋಗಿ ಒಗೆಯಲು ಒಂದು, ಹಿಂಡಲು ಒಂದು ಅಂತ ಎರಡು ಡಬ್ಬಿ ಬಂದದ್ದು 1960ರಲ್ಲಿ. 1980ರ ದಶಕದಾಗ ನಮ್ಮ ದೇಶದ ಕಂಪನಿಗಳು ಜಪಾನಿನವರ ಜೋಡಿ ಕೂಡಿ ಇಂಥಾ ಮಷೀನ್ ಮಾಡಾಕ ಹತ್ತಿದ ಮ್ಯಾಲೆ ನಮ್ಮಂಥವರ ಬಚ್ಚಲಕ್ಕೂ ಬಂತು.

ಮಷೀನು ಬಂತು, ಅದರ ಲೆಕ್ಕ ಯಾರೂ ಅವ್ವಗ ಬಿಡಿಸಿ ಹೇಳಲಿಲ್ಲ. ಮಷೀನಿನ ಕೆಜಿ ಅಂದ್ರ ಒಣ ಬಟ್ಟೀ ತೂಕ, ನೆನಸಿದ್ದಲ್ಲ. ನೀರು ಕುಡದ ಹತ್ತಿ ಸೀರಿ ಒಣಾ ಇದ್ದಾಗಿನ ಎರಡು ಪಟ್ಟಿಗಿಂತ ಹೆಚ್ಚು ತೂಗತೈತಿ. ಇಪ್ಪತ್ತು ವರ್ಷದ ಮ್ಯಾಲೆ ಅವ್ವ ಅರ್ಧಾ ಮಷೀನ್ ಅಷ್ಟ ಓಡಿಸ್ಯಾಳ.

ನಾ ಹಿಂಗ ಅಳದೆ. ಲೀಟರ್ ಬಾಟಲಿಲೆ ಬಕೀಟ್ ಅಳದ್ರ 12 ಲೀಟರ್ ಹಿಡೀತು. ಒಗಿಯೋ ಡಬ್ಬಿಗೆ ಮ್ಯಾಲಿನ ಗೆರಿ ಮಟಾ ಮೂರು ಬಕೀಟ್ ಹಿಡಸ್ತು, ಅಂದ್ರ 36 ಲೀಟರ್. ಇಂಥಾ ಹಳೀ ಮಷೀನಿಗೆ ಒಂದು ಕೆಜಿ ಒಣ ಬಟ್ಟಿಗೆ 12 ಲೀಟರ್ ನೀರು ಅಂತ ಹಿಡದ್ರ ಬಟ್ಟಿ ಆರಾಮ ಹೊಳ್ಳತಾವ. ಅಲ್ಲಿಗೆ 3 ಕೆಜಿ ಆತು.

ಆಮ್ಯಾಲೆ ಬಟ್ಟಿ ತೂಗಿದೆ. ಮೊದಲು ತೂಕದ ಕಾಟಾದ ಮ್ಯಾಲೆ ಬರಿಗೈಲೆ ನಿಂತೆ, ಮತ್ತ ಗಂಟು ಹಿಡಕೊಂಡು ನಿಂತೆ, ಕಳದೆ. ಎರಡು ಹತ್ತಿ ಸೀರಿ, ಒಂದು ಬೆಡ್‌ಶೀಟ್, ಎರಡು ಟವೆಲ್ ಕೂಡಿ 2.7 ಕೆಜಿ. ಎಲ್ಲಾ ಒಮ್ಮೆಗೇ ಹಾಕಿದಿವಿ. ಅವ್ವ ಸ್ವಿಚ್ಚಿನ ಮ್ಯಾಲೆ ಕೈ ಇಟಗೊಂಡ ನಿಂತಿದ್ದಳು. ಮೋಟಾರು ಗುಂಯ್ ಅಂತ ತಿಣಕಲಿಲ್ಲ, ಕೆಳಗಿನ ಬಟ್ಟಿ ಮ್ಯಾಲೆ ಬಂದವು. ಹಿಂಡೋ ಡಬ್ಬಿ ಸಣ್ಣದು, ಅದಕ್ಕ ಎರಡು ಸಲ ಮಾಡಿ ಹಾಕಿದಿವಿ.

ಕೌದಿ ಮಾತ್ರ ಇನ್ನೂ ಹೊರಗ ಕಲ್ಲಿನ ಮ್ಯಾಲೇ. ಒಣಾ ತೂಗಿದ್ರನ 3 ಕೆಜಿ ದಾಟತೈತಿ. ಅದನ್ನ ಈಗ ನಾ ಹೋದಾಗ ಒಗದು ಬರತೀನಿ.

ನಿಮ್ಮ ಮನ್ಯಾಗೂ ಚೀಟಿ ಅಳಿಸಿದ ಹಳೀ ಮಷೀನ್ ಇದ್ರ ಬಕೀಟ್ ತಗೊಂಡು ಒಮ್ಮೆ ಅಳದು ನೋಡ್ರೆವಾ. ಅವ್ವ ನಿನ್ನೆ ಫೋನ್ ಮಾಡಿದ್ದಳು: "ಬಟ್ಟಿ ಹತ್ತಕ್ಕ ಮುಗದಾವು, ಈಗೇನ ಮಾಡ್ಲಿ?"